ನೊಣ ಸಾಕಿದ ಶಸ್ತ್ರವೈದ್ಯ

ನೊಣವನ್ನು ಕಂಡರೆ ಎಲ್ಲರಿಗೂ ಹೇಸಿಗೆ. ಕೊಳೆತ ವಸ್ತುವಿನ ಮೇಲೆ ಕುಳಿತು, ಅಲ್ಲಿಂದ ಆಹಾರದ ಮೇಲೆರಗಿ ರೋಗವನ್ನು ಹರಡುವ ಈ ಕೀಟವನ್ನು ಆಸ್ಪತ್ರೆಯಿಂದ ದೂರವಿಡುವುದು ವೈದ್ಯರ ಕರ್ತವ್ಯ. ಆದರೆ ಅದೇ ನೊಣವನ್ನು ಪಂಜರದಲ್ಲಿ ಸಾಕಿ, ಅದರ ಮರಿಹುಳುಗಳಿಂದ ರೋಗಿಗಳ ಗಾಯಗಳನ್ನು ಮಾಯಿಸಿದ ಶಸ್ತ್ರವೈದ್ಯನೊಬ್ಬನು ಅಮೆರಿಕದಲ್ಲಿ ಆಗಿಹೋದನು. ಆತನೇ ವಿಲಿಯಂ ಸ್ಟೀವನ್‌ಸನ್ ಬೇಯರ್.

ಬೇಯರ್ ೧೮೭೨ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜನಿಸಿದನು. ೧೮೯೮ರಲ್ಲಿ ಅಲ್ಲಿಯ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದನು. ಆ ಸಂಸ್ಥೆಯ ಹಿರಿಯ ಶಸ್ತ್ರವೈದ್ಯನಾಗಿದ್ದ ವಿಲಿಯಂ ಹಾಲ್‌ಸ್ಟೆಡ್ ಈ ತರುಣನ ಯೋಗ್ಯತೆಯನ್ನು ಗುರುತಿಸಿ, ಮೂಳೆ ಹಾಗೂ ಕೀಲುಗಳ ಚಿಕಿತ್ಸಾವಿಭಾಗವನ್ನು ಕಟ್ಟುವ ಹೊಣೆಯನ್ನು ವಹಿಸಿದನು. ಬೇಯರನು ಆ ಹೊಣೆಯನ್ನು ಶ್ರದ್ಧೆಯಿಂದ ನಿರ್ವಹಿಸಿದನು.

೧೯೧೭ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಬೇಯರನು ಸೇನಾವೈದ್ಯನಾಗಿ ಫ್ರಾನ್ಸಿಗೆ ತೆರಳಿದನು. ಒಂದು ದಿನ ಇಬ್ಬರು ಗಾಯಾಳು ಸೈನಿಕರನ್ನು ಆತನ ಬಳಿಗೆ ಹೊತ್ತು ತಂದರು. ಇಬ್ಬರ ತೊಡೆಯ ಮೂಳೆಯೂ ಮುರಿದಿತ್ತು. ಹೊಟ್ಟೆಯ ಭಾಗದಲ್ಲಿಯೂ ದೊಡ್ಡ ಗಾಯಗಳಿದ್ದವು. ಯಾರ ಕಣ್ಣಿಗೂ ಬೀಳದೆ, ಅನ್ನನೀರಿಲ್ಲದೆ, ಅವರು ಏಳು ದಿನಗಳ ಕಾಲ ರಣಭೂಮಿಯಲ್ಲಿ ಬಿದ್ದಿದ್ದರು. ಆ ಕಾಲದಲ್ಲಿ ತೊಡೆಯ ಇಂತಹ ಗಾಯಕ್ಕೆ ಒಳ್ಳೆಯ ಚಿಕಿತ್ಸೆ ದೊರೆತರೂ ನೂರಕ್ಕೆ ೭೫ರಿಂದ ೮೦ ಮಂದಿ ಸಾಯುತ್ತಿದ್ದರು. ಆದರೆ ಈ ಇಬ್ಬರಿಗೆ ಜ್ವರವೇ ಇರಲಿಲ್ಲ. ಬಟ್ಟೆಯನ್ನು ಬಿಚ್ಚಿದಾಗ ಗಾಯದ ತುಂಬ ಹುಳುಗಳು ಮಿಜಿಗುಡುತ್ತಿದ್ದವು. ಅವನ್ನು ತೊಳೆದು ನೋಡಿದರೆ, ಕೆಳಗೆ ಕೀವಿಗೆ ಬದಲಾಗಿ ಗುಲಾಬಿ ಬಣ್ಣದ ಹೊಸ ಮಾಂಸ ಚಿಗುರಿತ್ತು. ನೂರಿಪ್ಪತ್ತು ವರ್ಷಗಳಷ್ಟು ಹಿಂದೆ ನೆಪೋಲಿಯನ್ನನ ಸೇನಾವೈದ್ಯ ಲಾರೆ ಕೂಡ ಸಿರಿಯಾದ ದಂಡಯಾತ್ರೆಯಲ್ಲಿ ಇಂತಹುದನ್ನೇ ಕಂಡಿದ್ದನು. ಆದರೆ ಕಂಡದ್ದನ್ನು ಕ್ರಮಬದ್ಧವಾದ ಚಿಕಿತ್ಸೆಯನ್ನಾಗಿ ಬೆಳೆಸುವ ಕಾರ್ಯ ಬೇಯರನಿಗಾಗಿ ಕಾದಿತ್ತು.

ಯುದ್ಧ ಮುಗಿದು ಹತ್ತು ವರ್ಷಗಳು ಕಳೆದವು. ಬಾಲ್ಟಿಮೋರಿನಲ್ಲಿ ಬೇಯರನ ಬಳಿಗೆ ಬರುತ್ತಿದ್ದ ಅನೇಕ ಮಕ್ಕಳು ಮೂಳೆಯೊಳಗೆ ಕೀವು ತುಂಬುವ ದೀರ್ಘರೋಗದಿಂದ ನರಳುತ್ತಿದ್ದರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಪುನಃ ಪುನಃ ಶಸ್ತ್ರಕ್ರಿಯೆ ಮಾಡಿದರೂ ಗಾಯಗಳು ವರ್ಷಗಟ್ಟಲೆ ಒಸರುತ್ತಿದ್ದವು. ಆಗ ಬೇಯರನಿಗೆ ಆ ಇಬ್ಬರು ಸೈನಿಕರ ನೆನಪಾಯಿತು. ೧೯೨೮ರಲ್ಲಿ ಆಸ್ಪತ್ರೆಯ ಸುತ್ತಮುತ್ತ ದೊರೆತ ನೊಣಗಳ ಹುಳುಗಳನ್ನೇ ನಾಲ್ಕು ಮಕ್ಕಳ ಗಾಯಗಳಲ್ಲಿ ಬಿಟ್ಟನು. ಆರು ವಾರಗಳೊಳಗೆ ಆ ಗಾಯಗಳು ಮಾಯಿದವು.

ಆದರೆ ಗೆಲುವಿನ ಬೆನ್ನಲ್ಲೇ ಅಪಾಯವೂ ಬಂದಿತು. ಮುಂದೆ ಚಿಕಿತ್ಸೆ ಪಡೆದ ಕೆಲವರಿಗೆ ಧನುರ್ವಾಯು ತಗುಲಿತು. ಎಲ್ಲೆಂದರಲ್ಲಿ ಹುಟ್ಟಿದ ಹುಳುಗಳು ಎಲ್ಲಿಯದೋ ರೋಗಾಣುಗಳನ್ನು ಹೊತ್ತು ತಂದಿದ್ದವು. ರೋಗವನ್ನು ಕಳೆಯಬೇಕಾದ ಜೀವಿಯೇ ರೋಗವನ್ನು ತರುವುದಾದರೆ ಆ ಚಿಕಿತ್ಸೆಗೆ ಅರ್ಥವಿಲ್ಲ. ಬೇಯರನು ಎದೆಗುಂದಲಿಲ್ಲ. ಹುಳುವಿನ ಗುಣ ಎಷ್ಟು ಮುಖ್ಯವೋ ಅದು ಹುಟ್ಟಿ ಬೆಳೆಯುವ ಪರಿಸರವೂ ಅಷ್ಟೇ ಮುಖ್ಯವೆಂಬುದನ್ನು ಆತನು ಮನಗಂಡನು. ನೊಣಗಳನ್ನು ಆಸ್ಪತ್ರೆಯಲ್ಲಿಯೇ ಸಾಕುವ ಏರ್ಪಾಡಾಯಿತು.

ನೊಣವನ್ನು ಸಾಕುವುದು ಸುಲಭವೆಂದು ತೋರಬಹುದು. ವಾಸ್ತವವಾಗಿ ಅದು ಬಹಳ ಎಚ್ಚರಿಕೆಯ ಕೆಲಸ. ಈ ಚಿಕಿತ್ಸೆಗೆ ಹೆಸರಾದ ಹಸಿರು ಮಾಂಸನೊಣದ ಹೆಣ್ಣು ಸಕ್ಕರೆಯನ್ನಷ್ಟೇ ತಿಂದು ಬದುಕಬಲ್ಲದು. ಆದರೆ ಮಾಂಸದಂತಹ ಸಸಾರಜನಕ ಆಹಾರ ದೊರೆಯದೆ ಅದರ ಮೊಟ್ಟೆಗಳು ಬಲಿಯುವುದಿಲ್ಲ. ಚಳಿ ಹೆಚ್ಚಿದರೆ ಸಂತಾನೋತ್ಪತ್ತಿಯೇ ನಿಂತುಹೋಗುತ್ತದೆ; ಬೆಚ್ಚಗಿನ ಕೋಣೆಯಲ್ಲಿ ಚಳಿಗಾಲದಲ್ಲಿಯೂ ಅದು ಮೊಟ್ಟೆಯಿಡುತ್ತದೆ. ಗಾಳಿಯಲ್ಲಿ ತೇವವಿಲ್ಲದಿದ್ದರೆ ಮೊಟ್ಟೆಗಳು ಒಣಗುತ್ತವೆ. ಶಾಖವೂ ತೇವವೂ ಹದವಾಗಿದ್ದರೆ ಒಂದು ದಿನದೊಳಗೆ ಮರಿಗಳು ಹೊರಬರುತ್ತವೆ. ಅಲ್ಪ ಆಹಾರದಲ್ಲಿ ಬಹಳ ಮರಿಗಳನ್ನು ಕಿಕ್ಕಿರಿಸಿದರೆ ಅವು ಗಿಡ್ಡಾಗಿ ಬೆಳೆಯುತ್ತವೆ. ಅಂತಹ ಮರಿಗಳಿಂದಾದ ನೊಣಗಳು ಇಡುವ ಮೊಟ್ಟೆಗಳೂ ಕಡಿಮೆ. ಆಹಾರ, ಶಾಖ, ತೇವ, ಸ್ಥಳ ಇವುಗಳಲ್ಲಿ ಒಂದು ಕೆಟ್ಟರೂ ರೋಗಿಗೆ ಬೇಕಾದ ದಿನ ಹುಳುಗಳು ದೊರೆಯವು.

ಇಷ್ಟಾದರೂ ಶುದ್ಧಿಯ ಪ್ರಶ್ನೆ ಉಳಿದಿತ್ತು. ಅದಕ್ಕೆ ಮೊಟ್ಟೆಯಲ್ಲಿಯೇ ಉತ್ತರ ದೊರೆಯಿತು. ಮೊಟ್ಟೆಯ ಹೊರಮೈಯನ್ನು ರೋಗಾಣುನಾಶಕ ದ್ರಾವಣದಿಂದ ತೊಳೆದು, ಶುದ್ಧವಾದ ಪಾತ್ರೆಯಲ್ಲಿ ಶುದ್ಧವಾದ ಆಹಾರದ ಮೇಲೆ ಮರಿ ಮಾಡಿಸಿದರೆ, ರೋಗಾಣುರಹಿತವಾದ ಹುಳುಗಳನ್ನು ಪಡೆಯಬಹುದು. ಇಂತಹ ಹುಳುಗಳು ಗಾಯದೊಳಗಿನ ಸತ್ತ ಮಾಂಸವನ್ನು ತಮ್ಮ ರಸದಿಂದ ಕರಗಿಸಿ ಹೀರುತ್ತವೆ. ಆರೋಗ್ಯವಾದ ಮಾಂಸಕ್ಕೆ ಹಾನಿ ಮಾಡುವುದಿಲ್ಲ.

ತನ್ನ ಶ್ರಮವು ಫಲ ಕೊಡುತ್ತಿದ್ದ ಹೊತ್ತಿನಲ್ಲಿಯೇ, ೧೯೩೧ರಲ್ಲಿ, ಬೇಯರನು ನಿಧನ ಹೊಂದಿದನು. ಆತನ ಸಂಶೋಧನಾ ಪ್ರಬಂಧವು ಮರಣಾನಂತರ ಅದೇ ವರ್ಷ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ೩೦೦ಕ್ಕೂ ಹೆಚ್ಚು ಆಸ್ಪತ್ರೆಗಳು ಆತನ ವಿಧಾನವನ್ನು ಕೈಗೊಂಡವು. ೧೯೪೦ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಅದು ಮೂಲೆಗೆ ಸರಿಯಿತು. ಆದರೆ ಔಷಧಗಳಿಗೆ ಬಗ್ಗದ ರೋಗಾಣುಗಳು ಹೆಚ್ಚಿದಾಗ ವೈದ್ಯರು ಮತ್ತೆ ಬೇಯರನ ದಾರಿಯತ್ತ ತಿರುಗಿದರು. ೨೦೦೪ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಹುಳುಗಳ ಮಾರಾಟಕ್ಕೆ ಅನುಮತಿಯಿತ್ತಿತು.

ರಣಭೂಮಿಯಲ್ಲಿ ಹುಳುಗಳನ್ನು ಕಂಡವರು ಹಲವರು. ಅವನ್ನು ಹೇಸದೆ ನೋಡಿ, ಅವು ತಂದ ಅಪಾಯಕ್ಕೆ ಹೆದರಿ ಹಿಂದೆಗೆಯದೆ, ಅವು ಹುಟ್ಟುವ ನೆಲೆಯನ್ನೇ ಶುದ್ಧಗೊಳಿಸಿದುದು ಬೇಯರನ ಹಿರಿಮೆ.