ಆನಂದಪುರವನ್ನು ಕಟ್ಟಿದ ಹರ್ಮನ್ ಮೋಗ್ಲಿಂಗ್

 ಕೊಡಗಿನ ಕಾಫಿ ತೋಟಗಳ ನಡುವೆ ಆನಂದಪುರವೆಂಬ ಪುಟ್ಟ ಗ್ರಾಮವಿದೆ. ಊರಿನ ಹೆಸರು ಅಚ್ಚ ಸಂಸ್ಕೃತದ್ದು. ಆದುದರಿಂದ ಯಾವನೋ ಅರಸನೋ ಅಗ್ರಹಾರದ ವಿಪ್ರನೋ ಅದನ್ನು ಇಟ್ಟಿರಬೇಕೆಂದು ಊಹಿಸುವುದು ಸಹಜ. ವಸ್ತುತಃ ಆ ಊರನ್ನು ನೆಲೆಗೊಳಿಸಿದವರು ಜರ್ಮನಿಯ ಒಬ್ಬ ಕ್ರೈಸ್ತ ಪಾದ್ರಿ. ಅವರು ನೆಲೆಗೊಳಿಸಿದ್ದು ಭೂಮಿಯ ಒಡೆಯರಿಗಾಗಿ ಅಲ್ಲ, ಭೂಮಿಯೊಡನೆ ತಾವೂ ಪರರ ಸ್ವತ್ತೆನಿಸಿಕೊಂಡಿದ್ದ ಆಳುಮಕ್ಕಳಿಗಾಗಿ. ಆ ಪಾದ್ರಿಯೇ ಹರ್ಮನ್ ಮೋಗ್ಲಿಂಗ್.

ವೀರಶೈವ ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಲಯದ ಸಂಚಿಕೆಯಲ್ಲಿ ಕ್ರೈಸ್ತ ಮಿಶನರಿಯ ಚರಿತ್ರೆಗೆ ಎಡೆಯೆಲ್ಲಿಯದೆಂದು ಓದುಗರಲ್ಲಿ ಕೆಲವರಾದರೂ ಕೇಳಬಹುದು. ಪ್ರಶ್ನೆ ಅನುಚಿತವಲ್ಲ. ಭೀಮಕವಿಯ ಬಸವಪುರಾಣವನ್ನು ತಾಳೆಗರಿಯಿಂದ ಎತ್ತಿ ಅಚ್ಚಿನ ಪುಸ್ತಕವಾಗಿ ಕನ್ನಡಿಗರ ಕೈಗಿತ್ತವರಲ್ಲಿ ಈ ಮಹನೀಯರು ಮೊದಲಿಗರು ಎಂಬುದೊಂದೇ ಉತ್ತರವಾಗಿ ಸಾಕು. ಆದರೆ ನಾನು ಈ ಲೇಖನವನ್ನು ಬರೆಯಲು ಅದೊಂದೇ ಕಾರಣವಲ್ಲ.

ಮೋಗ್ಲಿಂಗರು ಜನಿಸಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮ್ ಎಂಬಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸ್ವದೇಶದಲ್ಲಿಯೇ ಇದ್ದಿದ್ದರೆ ಒಂದು ಚರ್ಚಿನ ಗುರುಗಳಾಗಿ ನೆಮ್ಮದಿಯ ಬಾಳನ್ನು ಬಾಳಬಹುದಾಗಿತ್ತು. ಅವರು ಬಾಸೆಲ್ ಮಿಶನ್ನನ್ನು ಸೇರಿ 1836ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಭಾರತಕ್ಕೆ ಹೊರಟುಬಂದರು. ಆ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು ಮಂಗಳೂರಿನಲ್ಲಿ ಇಳಿದಿದ್ದು 1834ರಲ್ಲಿ. ಕೊಡಗಿನ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ರಾಜ್ಯವನ್ನು ಕಳೆದುಕೊಂಡದ್ದೂ ಅದೇ ವರ್ಷದಲ್ಲಿ ಎಂಬುದು ಕಾಲಚಕ್ರದ ಒಂದು ವಿಚಿತ್ರ ಯೋಗ.

ಮಂಗಳೂರಿನಲ್ಲಿ ಅವರು ಕೈಗೊಂಡ ಮುಖ್ಯ ಕಾರ್ಯ ಅಧ್ಯಾಪನ. ವಿದ್ಯಾರ್ಥಿಗಳನ್ನು ತಮ್ಮ ಜೊತೆಯಲ್ಲಿಯೇ ಇರಿಸಿಕೊಂಡು, ಅವರೊಡನೆ ಕುಳಿತು ಅವರ ಆಹಾರವನ್ನೇ ಉಂಡು ಪಾಠ ಹೇಳುತ್ತಿದ್ದರು. ಬಿಳಿಯ ದೊರೆಗಳು ಆಳುಕಾಳುಗಳ ನಡುವೆ ಮೆರೆಯುತ್ತಿದ್ದ ಕಾಲವದು. ಇಂತಹ ನಡತೆ ಅವರ ದೇಶಬಾಂಧವರಿಗೇ ವಿಚಿತ್ರವಾಗಿ ತೋರಿತ್ತೆಂದರೆ ಆಶ್ಚರ್ಯವಿಲ್ಲ. ಗುರುವೂ ಶಿಷ್ಯನೂ ಒಂದೇ ಪಂಕ್ತಿಯಲ್ಲಿ ಕೂಡುವುದರ ಅರ್ಥವೇನೆಂಬುದನ್ನು ದಾಸೋಹದ ಪರಂಪರೆಯವರಾದ ನಮಗೆ ವಿವರಿಸಬೇಕಾಗಿಲ್ಲ.

1843ರ ಜುಲೈ 1ರಂದು ಅವರ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರವೆಂಬ ಪಾಕ್ಷಿಕ ಪತ್ರಿಕೆ ಹೊರಟಿತು. ಅದೇ ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆ. ಜುಲೈ 1ನ್ನು ಕನ್ನಡ ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದಲೇ. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಆ ಪತ್ರಿಕೆ ಮರುವರ್ಷ ಬಳ್ಳಾರಿಗೆ ಸಾಗಿ ಕನ್ನಡ ಸಮಾಚಾರವೆಂಬ ಹೆಸರನ್ನು ತಾಳಿತು.

ಅದೇ 1844ರಲ್ಲಿ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೊಂದು ನಡೆಯಿತು. ಮೋಗ್ಲಿಂಗರ ಬಳಿ ಕಲಿಯುತ್ತಿದ್ದ ಆನಂದರಾವ್ ಕೌಂಡಿನ್ಯ ಮೊದಲಾದ ಬ್ರಾಹ್ಮಣ ತರುಣರು ಕ್ರೈಸ್ತಮತವನ್ನು ಸ್ವೀಕರಿಸಿದರು. ಊರು ಹೊತ್ತಿ ಉರಿದಂತಾಯಿತು, ಶಾಲೆ ಬರಿದಾಯಿತು. ಈ ಸಂಗತಿಯನ್ನು ಮುಚ್ಚಿಟ್ಟು ಮೋಗ್ಲಿಂಗರನ್ನು ಕೇವಲ ಕನ್ನಡ ಸೇವಕರೆಂದು ಹೊಗಳುವ ರೂಢಿ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಬೆಳೆದುಬಂದಿದೆ. ಅದು ನನಗೆ ಒಪ್ಪಿಗೆಯಿಲ್ಲ. ಅವರು ಬಂದದ್ದು ಮತಪ್ರಸಾರಕ್ಕೆ; ನಮ್ಮ ದೇವರು ದಿಂಡರನ್ನು ಅವರು ಕಟುವಾಗಿ ಖಂಡಿಸಿದ್ದೂ ಉಂಟು. ಮಗನನ್ನು ಕಳೆದುಕೊಂಡೆವೆಂದು ಅತ್ತ ತಾಯಂದಿರ ದುಃಖವೂ ಈ ಚರಿತ್ರೆಯ ಒಂದು ಭಾಗವೇ. ಅವರ ಸೇವೆಯನ್ನು ಅವರ ಶ್ರದ್ಧೆಯಿಂದ ಬೇರ್ಪಡಿಸಿ ನೋಡಿದರೆ ನಮಗೆ ಸಿಗುವುದು ಅರ್ಧ ಮನುಷ್ಯ ಮಾತ್ರ.

1848ರಿಂದ 1853ರವರೆಗೆ ಅವರು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಪ್ರಕಟಿಸಿದರು. ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಅದರಲ್ಲಿ ಬೆಳಕು ಕಂಡವು. ಇದರ ವೆಚ್ಚಕ್ಕೆ ನೆರವಾದವರು ಮದ್ರಾಸಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಾಸಾಮೇಜರ್ ಎಂಬ ಉದಾರಿಗಳು. ಮಾಲೆ ಮುಗಿಯುವ ಮೊದಲೇ, 1849ರಲ್ಲಿ, ಅವರು ತೀರಿಕೊಂಡರು. ಗ್ರಂಥದಾನಕ್ಕೆ ಕೈಯೆತ್ತುವ ದಾನಿಗಳು ಇಂದಿಗೂ ವಿರಳ. ಈ ಸಂಚಿಕೆಯ ಓದುಗರಲ್ಲಿರುವ ದಾನಿಗಳು ಆ ಹೆಸರನ್ನೊಮ್ಮೆ ನೆನೆದರೆ ಸಂತೋಷ.

ಪರಮತದ ಪುರಾಣವನ್ನು ಮಿಶನರಿಯೊಬ್ಬರು ಏಕೆ ಅಚ್ಚುಮಾಡಿಸಬೇಕು? ಜನರ ಹೃದಯವನ್ನು ಅರಿಯದೆ ಅವರಿಗೆ ಬೋಧಿಸುವುದು ವ್ಯರ್ಥವೆಂದು ಅವರು ಬಲ್ಲವರಾಗಿದ್ದರು. ಉದ್ದೇಶವು ಅವರದು, ಫಲವು ನಮ್ಮದಾಯಿತು. ಅರಿಯಲು ಹೊರಟವರ ಮನಸ್ಸನ್ನು ಆ ಅರಿವು ಹಿಡಿದುಕೊಂಡಿತು ಎಂಬುದಕ್ಕೂ ಸಾಕ್ಷ್ಯವಿದೆ: ಸ್ವದೇಶಕ್ಕೆ ಮರಳಿದ ಮೇಲೆಯೂ ಅವರು ಹರಿದಾಸರ ಕೀರ್ತನೆಗಳನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ಅಲ್ಲಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದ್ವತ್ ಪರೀಕ್ಷೆಗೆ ಜೈಮಿನಿ ಭಾರತವನ್ನು ಕಂಠಪಾಠ ಮಾಡುತ್ತಿದ್ದ ದಿನಗಳಲ್ಲಿ, ಅದನ್ನು ಮೊದಲು ಅಚ್ಚಿಗೆ ಕೊಟ್ಟವರಲ್ಲಿ ಇವರೂ ಒಬ್ಬರೆಂಬುದನ್ನು ನನ್ನ ಗುರುಗಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಕೊಡಗಿನ ಮಾತು. 1852ರ ಹೊತ್ತಿಗೆ ಮೋಗ್ಲಿಂಗರು ಹದಿನಾರು ವರ್ಷಗಳ ದುಡಿಮೆಯಿಂದ ಬಳಲಿ ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದರು. ಆಗ ಅಲಮಂಡ ಮನೆತನದ ಸೋಮಯ್ಯನೆಂಬ ಕೊಡವನು ಅವರನ್ನು ಅರಸಿಕೊಂಡು ಬಂದನು. ಹಡಗನ್ನು ಹತ್ತಬೇಕಾಗಿದ್ದವರು ಘಟ್ಟವನ್ನು ಹತ್ತಿದರು. ಮಿಶನ್ನಿನ ಆಡಳಿತದ ಬೆಂಬಲವಿಲ್ಲದೆಯೇ, ಸ್ವಂತ ಹೊಣೆಯ ಮೇಲೆ, ಅವರು ಈ ಕಾರ್ಯಕ್ಕೆ ಇಳಿದರು. ಕೊಡಗಿನ ಕಾರ್ಯವನ್ನು ಸಂಸ್ಥೆ ತನ್ನದಾಗಿಸಿಕೊಂಡದ್ದು ಕೆಲವು ವರ್ಷಗಳ ತರುವಾಯವೇ.

ಸೋಮಯ್ಯನು ದೀಕ್ಷೆ ಪಡೆದು ಸ್ತೆಫಾನನೆಂಬ ಹೆಸರನ್ನು ಹೊಂದಿದನು. ಅದರ ಪರಿಣಾಮವನ್ನು ಕೊಡಗನ್ನು ಬಲ್ಲವರು ಊಹಿಸಬಲ್ಲರು. ಇಲ್ಲಿ ಭೂಮಿಯು ಒಬ್ಬನದಲ್ಲ, ಒಕ್ಕದ್ದು. ಐನ್‌ಮನೆ, ಕಾರಣವರ ಪೂಜೆ, ಜಮ್ಮಾ ಭೂಮಿ ಇವೆಲ್ಲವೂ ಒಂದೇ ಹಗ್ಗದ ಎಳೆಗಳು. ಕುಲಾಚಾರವನ್ನು ಬಿಟ್ಟವನಿಗೆ ಕುಲದ ನೆಲದಲ್ಲಿ ಹಕ್ಕುಂಟೆ ಎಂಬ ವ್ಯಾಜ್ಯವು ಸರಕಾರದವರೆಗೂ ಏರಿ, ಕೊನೆಗೆ ಅವನ ಪರವಾಗಿ ತೀರ್ಮಾನವಾಯಿತು. ಆದರೂ ಇತರ ಕೊಡವರು ಅವನ ದಾರಿಯಲ್ಲಿ ನಡೆಯಲಿಲ್ಲ. ಮೋಗ್ಲಿಂಗರು ಕಂಡಿದ್ದ ಕನಸು ಆ ದಿಕ್ಕಿನಲ್ಲಿ ಫಲಿಸಲಿಲ್ಲವೆಂದೇ ಹೇಳಬೇಕು.

ಬಂದವರು ಬೇರೆ. ಗದ್ದೆಯ ಕೆಸರಿನಲ್ಲಿ ತಲೆಮಾರುಗಳಿಂದ ದುಡಿಯುತ್ತ, ಹೊಲೆಯರೆಂದು ಕರೆಯಿಸಿಕೊಂಡು ಹೊರಗೇ ನಿಂತಿದ್ದ ಜನ. ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು 1843ರ ಶಾಸನವು ತೆಗೆದುಹಾಕಿತ್ತು. ಆದರೆ ಬಿಡುಗಡೆಯಾದವನು ಹೋಗುವುದೆಲ್ಲಿಗೆ? ಅವನಿಗೆ ಮನೆಯಿಲ್ಲ, ಉಳಲು ನೆಲವಿಲ್ಲ, ಬಿತ್ತಲು ಬೀಜವಿಲ್ಲ. ಒಡೆಯನ ಹಟ್ಟಿಯೇ ಅವನ ಲೋಕ. ಶಾಸನದಿಂದ ದೊರೆತ ಸ್ವಾತಂತ್ರ್ಯವು ಹಸಿವೆಯ ಮುಂದೆ ಎಷ್ಟು ದಿನ ನಿಂತೀತು! ಮೋಗ್ಲಿಂಗರು ಈ ಗಂಟನ್ನು ಕಂಡರು. ಇಂತಹ ಜನಕ್ಕೆ ಬರಿಯ ಉಪದೇಶ ಸಾಲದು, ನೆಲ ಬೇಕು. ಕಾಡುನೆಲವನ್ನು ಪಡೆದು, 1850ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಅವರನ್ನು ನೆಲೆಗೊಳಿಸಿ, ಆನಂದಪುರವೆಂದು ಹೆಸರಿಟ್ಟರು. ಕೊಡಗಿನಲ್ಲಿ ಕಾಫಿಯ ಬೇಸಾಯವು ಆಗತಾನೆ ಹಬ್ಬುತ್ತಿತ್ತು. ಆ ಜನರ ಜೀವನೋಪಾಯಕ್ಕೆ ಅವರು ಕಾಫಿಯನ್ನೂ ನೆಡಿಸಿದರು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ನೋಡುತ್ತಿದ್ದ ಕೈ ಕಾಡು ಕಡಿಸುವ, ಗುಂಡಿ ತೋಡಿಸುವ ಲೆಕ್ಕವನ್ನು ಬರೆಯತೊಡಗಿತು.

ಈ ಯತ್ನಕ್ಕೊಂದು ಪೂರ್ವಕಥೆಯುಂಟು. ಅವರ ಸಂಸ್ಥೆ ಗದಗಿನ ಬೆಟಗೇರಿಯ ಬಳಿ ಮಲಸಮುದ್ರದಲ್ಲಿ 1841ರಲ್ಲಿ ಇಂತಹುದೇ ಒಂದು ಕೃಷಿವಸತಿಯನ್ನು ಆರಂಭಿಸಿ ಸೋತಿತ್ತು. ಆ ಸೋಲು ಹಿಂದೆ ಇದ್ದರೂ ಅವರು ಇಲ್ಲಿ ಮತ್ತೆ ಕೈಹಾಕಿದರು. ಅದನ್ನು ಕೆಲವರು ಹಠವೆಂದಾರು. ನನಗೆ ಅದು ನಿಷ್ಠೆಯೆಂದೇ ತೋರುತ್ತದೆ. ಮತವನ್ನು ಸ್ವೀಕರಿಸಿದವರಿಗೆ ಮಾತ್ರ ನೆಲ ದೊರೆತದ್ದಲ್ಲವೆ ಎಂಬ ಆಕ್ಷೇಪಕ್ಕೆ ಬಲವಿದೆ, ಅಲ್ಲಗಳೆಯಲಾರೆ. ಆದರೆ ಆ ಆಕ್ಷೇಪವನ್ನು ಎತ್ತುವಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಹಾಲೇರಿಯ ಅರಸರು ಲಿಂಗಾಯತರು. ಎರಡು ಶತಮಾನಗಳ ಕಾಲ ಈ ನಾಡನ್ನು ಆಳಿದವರು. ಮಠಗಳಿಗೆ ಉಂಬಳಿಗಳನ್ನು ಬಿಟ್ಟವರು. ಕುಲವನ್ನು ಎಣಿಸಬಾರದೆಂದ ಧರ್ಮದವರಾದ ನಮ್ಮ ಕಣ್ಣಿಗೆ ಆ ಗದ್ದೆಯ ಆಳು ಏಕೆ ಬೀಳಲಿಲ್ಲ? ಕಾಯಕವನ್ನು ಕೈಲಾಸವೆಂದು ನಂಬಿದವರು, ಕಾಯಕದ ಫಲ ಅವನ ಕೈಗೆ ದಕ್ಕದ್ದನ್ನು ಏಕೆ ಕಾಣಲಿಲ್ಲ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಕೊಡಗಿನ ಚರಿತ್ರೆ, ಜನಜೀವನ ಹಾಗೂ ತಮ್ಮ ಕಾರ್ಯವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಕೂರ್ಗ್ ಮೆಮಾಯರ್ಸ್ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅರಸೊತ್ತಿಗೆಯ ಕೊನೆಯ ದಿನಗಳನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾಗ ಬರೆದುದರಿಂದ ಅದಕ್ಕೆ ವಿಶೇಷ ಬೆಲೆಯುಂಟು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಯನ್ನು ಮನ್ನಿಸಿ ಗೌರವ ಡಾಕ್ಟರ್ ಪದವಿಯನ್ನು ನೀಡಿತು.

ಅವರು ಮದುವೆಯಾದದ್ದು ಕೊಡಗಿಗೆ ಬಂದ ಮೇಲೆ, ನಡುವಯಸ್ಸಿನಲ್ಲಿ. ಪತ್ನಿ ಪೌಲೀನೆ, ಕನ್ನಡ ಬೈಬಲಿನ ಭಾಷಾಂತರದಲ್ಲಿ ಶ್ರಮಿಸಿ 1855ರಲ್ಲಿ ತೀರಿಕೊಂಡ ಗೊಟ್‌ಫ್ರೀಡ್ ವೈಗ್ಲೆಯವರ ವಿಧವೆ. ವೈಗ್ಲೆಯವರು ಮೋಗ್ಲಿಂಗರ ಬಂಧುಗಳೂ ಸಹೋದ್ಯೋಗಿಗಳೂ ಆಗಿದ್ದವರು. ಆ ಸಾಧ್ವಿಯ ಆರೋಗ್ಯ ಕೆಟ್ಟಿತು. ಆಕೆಯ ಪ್ರಾಣವೋ ಆನಂದಪುರವೋ ಎಂಬ ಇಕ್ಕಟ್ಟು ಒದಗಿದಾಗ, 1860ರಲ್ಲಿ, ಅವರು ಸಂಸಾರಸಮೇತರಾಗಿ ಜರ್ಮನಿಗೆ ಮರಳಿದರು. ಪುನಃ ಈ ದೇಶವನ್ನು ಕಾಣಲಿಲ್ಲ. 1844ರಲ್ಲಿ ಅವರ ಕೈಯಿಂದ ಹೊಸ ಬಾಳನ್ನು ಆರಂಭಿಸಿದ್ದ ಆ ಆನಂದರಾವ್ ಕೌಂಡಿನ್ಯರೇ ಮುಂದೆ ಕೊಡಗಿಗೆ ಬಂದು ಗುರುವಿನ ಕಾರ್ಯವನ್ನು ನಡೆಯಿಸಿದರು.

ಮೋಗ್ಲಿಂಗರು 1881ರ ಮೇ ತಿಂಗಳಿನಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ತೀರಿಕೊಂಡರು. ಅವರು ನೆಲೆಗೊಳಿಸಿದ ಜನರ ಮೊಮ್ಮಕ್ಕಳು ಮರಿಮಕ್ಕಳು ಆನಂದಪುರದ ಸುತ್ತಿನಲ್ಲಿ ಬೇರೂರಿದರು. ಊರಿನ ಹೆಸರು ಇಂದಿಗೂ ಅದೇ.