ಪ್ಲೇಗಿಗೆ ತಡೆಯೊಡ್ಡಿದ ಹಾಫ್‌ಕಿನ್

ನಮ್ಮ ಶಿಗ್ಗಾಂವ ಸೀಮೆಯ ಹಳೆಯ ಮನೆತನಗಳಲ್ಲಿ ಪ್ಲೇಗಿನ ನೆನಪು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಜಂತಿಯಿಂದ ಇಲಿಯೊಂದು ಸತ್ತು ಬಿದ್ದರೆ ಸಾಕು, ಬಾಗಿಲಿಗೆ ಕೀಲಿ ಜಡಿದು, ಕಾಳುಕಡಿ ಹೊತ್ತು, ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ಹಿರಿಯರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿದ್ದಾರೆ. ಆದರೆ ಅದೇ ದಿನಗಳಲ್ಲಿ, ಇಲ್ಲಿಗೆ ಸಮೀಪದ ಹುಬ್ಬಳ್ಳಿಯಲ್ಲಿ ಅಸಂಖ್ಯ ಜನರನ್ನು ಮೃತ್ಯುವಿನ ದವಡೆಯಿಂದ ದೂರವಿರಿಸಿದ ಒಂದು ಲಸಿಕೆಯ ಕಥೆಯನ್ನು ಹೇಳುವವರು ವಿರಳ. ಆ ಲಸಿಕೆಯನ್ನು ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಒಂದು ಯೆಹೂದಿ ಕುಟುಂಬದಲ್ಲಿ. ಅವರು ವೈದ್ಯರಲ್ಲ; ಪ್ರಾಣಿಶಾಸ್ತ್ರವನ್ನು ಓದಿದವರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಮೆಚ್ನಿಕಾಫ್ ಅವರ ಗುರುಗಳು. ತಮ್ಮ ಮತವನ್ನು ಬಿಟ್ಟುಕೊಡಲು ಒಪ್ಪದ ಕಾರಣ ಸ್ವದೇಶದಲ್ಲಿ ಅವರ ಏಳಿಗೆಗೆ ದಾರಿ ಮುಚ್ಚಿತು. ಅಂತಃಸಾಕ್ಷಿಯನ್ನು ಮಾರಿ ಪದವಿ ಕೊಳ್ಳಲಾರದ ಈ ಸ್ವಭಾವವನ್ನು ಯಾವ ಮತದವರಾದರೂ ಗೌರವಿಸಬೇಕಾದದ್ದೇ. ಪ್ಯಾರಿಸ್ಸಿಗೆ ಹೋಗಿ ಪಾಸ್ತರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಣ್ಣ ಕೆಲಸಕ್ಕೆ ಸೇರಿದ ಅವರು, ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯದಲ್ಲಿ ದುಡಿದು ಕಾಲರಾಕ್ಕೆ ಲಸಿಕೆಯನ್ನು ರೂಪಿಸಿದರು. 1892ರ ಜುಲೈಯಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ.

ಮರುವರ್ಷ ಅವರು ಭಾರತಕ್ಕೆ ಬಂದರು. ಕಲ್ಕತ್ತೆಯ ಬಡಜನರ ಬಸ್ತಿಯೊಂದರಲ್ಲಿ ಜನ ಚುಚ್ಚುಮದ್ದಿಗೆ ಹೆದರಿ ದೂರ ನಿಂತಾಗ, ಹಾಫ್‌ಕಿನ್ ಮತ್ತು ಅವರ ಜೊತೆಗಿದ್ದ ಬಂಗಾಳಿ ವೈದ್ಯರು ಎಲ್ಲರ ಕಣ್ಣೆದುರಿಗೆ ಪರಸ್ಪರ ಚುಚ್ಚಿಕೊಂಡರು. ಅನಂತರ ಜನ ತಾವಾಗಿಯೇ ಮುಂದೆ ಬಂದರು. ಉಪದೇಶಕ್ಕಿಂತ ಉದಾಹರಣೆ ದೊಡ್ಡದೆಂಬ ಸತ್ಯವನ್ನು ಆ ಬಸ್ತಿಯ ಜನ ಕಣ್ಣಾರೆ ಕಂಡರು.

1896ರಲ್ಲಿ ಮುಂಬಯಿಯನ್ನು ಪ್ಲೇಗ್ ಮುತ್ತಿತು. ಸರ್ಕಾರ ಹಾಫ್‌ಕಿನ್‌ರನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ದೊರೆತ ಇಕ್ಕಟ್ಟಾದ ಜಾಗದಲ್ಲಿ ಕೆಲವೇ ಸಹಾಯಕರೊಡನೆ ಅವರು ಹಗಲಿರುಳೂ ದುಡಿದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳಿಂದ ಬಿಳಲುಗಳಂತೆ ಇಳಿಬೀಳುವ ರೋಗಾಣುಗಳನ್ನು ಬೆಳೆಸಿ, ಬಳಿಕ ಕಾಯಿಸಿ ಕೊಂದು ಲಸಿಕೆಯನ್ನು ತಯಾರಿಸಿದರು. ಈ ನೆಲದ ಜನರ ಭಾವನೆಗಳಿಗೆ ನೋವಾಗದಂತೆ ದನದ ಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು ಆಡಿನ ಮಾಂಸವನ್ನೇ ಬಳಸಿದ್ದು ಅವರ ಸೂಕ್ಷ್ಮತೆಗೆ ಸಾಕ್ಷಿ. 1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡು ಜ್ವರವನ್ನೂ ನೋವನ್ನೂ ಅನುಭವಿಸಿದರು. ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ತೀರಿಕೊಂಡರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದಿತು, ಯಾರೂ ಸಾಯಲಿಲ್ಲ.

ಅದೇ ವರ್ಷ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದರು. ಜನರ ಸಿಟ್ಟು ಉಕ್ಕಿ, ಪ್ಲೇಗ್ ಅಧಿಕಾರಿ ರಾಂಡ್ ಗುಂಡಿಗೆ ಬಲಿಯಾದ. ಬಲವಂತದಿಂದ ಆರೋಗ್ಯವನ್ನು ಹೇರುವ ಮಾರ್ಗ ಎಲ್ಲಿಗೆ ಮುಟ್ಟುತ್ತದೆಂಬುದು ಆಗಲೇ ತಿಳಿಯಿತು.

1898ರಲ್ಲಿ ಪ್ಲೇಗ್ ನಮ್ಮ ಧಾರವಾಡ ಜಿಲ್ಲೆಗೂ ಹಬ್ಬಿ ಹುಬ್ಬಳ್ಳಿಯನ್ನು ಹಿಡಿಯಿತು. ಶಿಗ್ಗಾಂವ ಆಗ ಅದೇ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅರಳೆ ವ್ಯಾಪಾರ, ರೈಲ್ವೆ ಕಾರ್ಯಾಗಾರಗಳಿಂದ ಜನನಿಬಿಡವಾಗಿದ್ದ ಹುಬ್ಬಳ್ಳಿಯ ಜನಸಂಖ್ಯೆ ಸುಮಾರು 50,000. ಅಲ್ಲಿ ನೇಮಕಗೊಂಡಿದ್ದ ಲ್ಯೂಮನ್ ಎಂಬ ವೈದ್ಯಾಧಿಕಾರಿ ಹಾಫ್‌ಕಿನ್‌ರ ಲಸಿಕೆಯನ್ನು ತರಿಸಿಕೊಂಡು, ಕೆಲವೇ ತಿಂಗಳುಗಳಲ್ಲಿ ಸುಮಾರು 38,000 ಜನರಿಗೆ ಹಾಕಿಸಿದರು. ಒಂದೇ ಊರಿನಲ್ಲಿ ಇಷ್ಟೊಂದು ಜನ ಲಸಿಕೆ ಪಡೆದದ್ದು ಆ ಕಾಲಕ್ಕೆ ಅಚ್ಚರಿಯ ಸಂಗತಿ. ಲಸಿಕೆ ಪೂರ್ಣ ರಕ್ಷಣೆ ನೀಡಲಿಲ್ಲ, ನಿಜ. ಆದರೆ ಪಡೆದವರಲ್ಲಿ ಸಾವು ಬಹಳ ಕಡಿಮೆ, ಪಡೆಯದವರಲ್ಲಿ ಬಹಳ ಹೆಚ್ಚು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂಬುದನ್ನು ಫ್ರೆಂಚ್ ವಿಜ್ಞಾನಿ ಸಿಮೊಂಡ್ ಕಂಡುಕೊಂಡದ್ದು ಅದೇ ವರ್ಷ. ರೋಗದ ದಾರಿಯೇ ಸರಿಯಾಗಿ ತಿಳಿಯದ ಕಾಲದಲ್ಲಿ ಹುಬ್ಬಳ್ಳಿಯ ಜನಸಾಮಾನ್ಯರು ತೋಳು ಚಾಚಿ ನಿಂತದ್ದನ್ನು ನಾವು ಮರೆಯಬಾರದು.

ಇಷ್ಟಾಗಿಯೂ ಹಾಫ್‌ಕಿನ್‌ರಿಗೆ ದೊರೆತದ್ದು ಹೂವಿನ ಹಾರವಷ್ಟೇ ಅಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಲಸಿಕೆ ಕೊಟ್ಟದ್ದು ಒಂದೇ ಶೀಸೆಯಿಂದ. ತಪ್ಪು ಪ್ರಯೋಗಾಲಯದ್ದೆಂದು ಅಧಿಕಾರಿಗಳು ತೀರ್ಮಾನಿಸಿ, ಹಾಫ್‌ಕಿನ್‌ರನ್ನು ಹುದ್ದೆಯಿಂದ ದೂರವಿರಿಸಿದರು. ಆದರೆ ಸಾಕ್ಷ್ಯ ಬೇರೊಂದನ್ನು ಹೇಳುತ್ತಿತ್ತು. ಶೀಸೆಯ ಬೂಚು ತೆಗೆಯುವ ಚಿಮ್ಮಟ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಉರಿಯಲ್ಲಿ ಕಾಯಿಸದೆ, ಔಷಧದ ನೀರಿನಲ್ಲಿ ಅದ್ದಿ ಮತ್ತೆ ಬಳಸಲಾಗಿತ್ತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಬಹಿರಂಗವಾಗಿ ಅವರ ಪಕ್ಷ ವಹಿಸಿದ ಮೇಲೆ, 1907ರಲ್ಲಿ ಅವರ ಮೇಲಿನ ಕಳಂಕ ಕಳೆಯಿತು. ಕಲ್ಕತ್ತೆಗೆ ಮರಳಿದ ಅವರಿಗೆ ಹಳೆಯ ಪ್ರಯೋಗಾಲಯ ಮತ್ತೆ ದಕ್ಕಲಿಲ್ಲ. 1914ರ ಸುಮಾರಿಗೆ ನಿವೃತ್ತರಾಗಿ ಯೂರೋಪಿಗೆ ತೆರಳಿದರು. 1925ರಲ್ಲಿ ಮುಂಬಯಿಯ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ಕಣ್ಮುಚ್ಚಿದರು. ಅವರು ಮದುವೆಯಾಗಿರಲಿಲ್ಲ.

ಈ ಜೀವನದಿಂದ ನಾವು ಕಲಿಯಬೇಕಾದದ್ದೇನು? ರೋಗವನ್ನು ಗುಣಪಡಿಸಿದ ವೈದ್ಯನಿಗೆ ರೋಗಿ ಕೈಮುಗಿಯುತ್ತಾನೆ. ರೋಗ ಬಾರದಂತೆ ತಡೆದವನಿಗೆ ಕೈಮುಗಿಯುವವರಾರು? ಬಾರದ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆರೆಯ ಏರಿ ಗಟ್ಟಿಯಾಗಿ ನಿಂತಿರುವವರೆಗೆ ಅದನ್ನು ಕಟ್ಟಿದವನನ್ನು ಯಾರೂ ನೆನೆಯುವುದಿಲ್ಲ. ಒಡೆದ ದಿನ ಮಾತ್ರ ಎಲ್ಲರೂ ಶಪಿಸುತ್ತಾರೆ. ಹುಬ್ಬಳ್ಳಿಯಲ್ಲಿ ಉಳಿದವರ ಮೊಮ್ಮಕ್ಕಳು ಮರಿಮಕ್ಕಳು ಇಂದು ನಮ್ಮ ನಡುವೆ ಓಡಾಡುತ್ತಿರಬಹುದು. ತಾವು ಯಾರಿಗೆ ಋಣಿಗಳೆಂಬುದು ಅವರಿಗೇ ತಿಳಿಯದು. ಮಲ್ಕೋವಾಲಿನ 19 ಸಾವುಗಳಾದರೋ ಚರಿತ್ರೆಯಲ್ಲಿ ಅಚ್ಚಾಗಿವೆ.

ಆದ್ದರಿಂದ ರೋಗ ತಡೆಯುವ ಕಾರ್ಯ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಗಳಿಸುವ ಹೊಣೆ ಆರೋಗ್ಯ ಕಾರ್ಯಕರ್ತರದು. ಜನರಿಗೆ ಹೇಳುವುದನ್ನು ತಾನು ಮೊದಲು ಮಾಡಿ ತೋರಿಸುವುದು, ಊರಿನ ರೀತಿನೀತಿಗಳನ್ನು ಅರಿತು ನಡೆಯುವುದು, ಕೈಯನ್ನೂ ಸಲಕರಣೆಯನ್ನೂ ಶುಚಿಯಾಗಿಡುವುದು: ಇವೆಲ್ಲ ಸಣ್ಣ ಕೆಲಸಗಳಂತೆ ಕಾಣುತ್ತವೆ. ನೆಲಕ್ಕೆ ಬಿದ್ದ ಒಂದು ಚಿಮ್ಮಟವನ್ನು ಉರಿಗೆ ಹಿಡಿಯುವ ಅರೆನಿಮಿಷದ ಶ್ರಮ ಅಂದು 19 ಪ್ರಾಣಗಳ ಬೆಲೆಯದಾಗಿತ್ತು.

ನಮ್ಮ ಹೊಣೆಯೂ ಇದೆ. ಬಿಸಿಲಿನಲ್ಲಿ ಮನೆಮನೆಗೆ ನಡೆದು ಬರುವ ಆಶಾ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ಪೋಲಿಯೋ ಹನಿಯ ಪೆಟ್ಟಿಗೆ ಹಿಡಿದು ನಿಂತ ಅಂಗನವಾಡಿ ಅಕ್ಕ, ಇವರೆಲ್ಲ ಹಾಫ್‌ಕಿನ್‌ರ ಹಾದಿಯಲ್ಲಿ ನಡೆಯುವವರು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾದದ್ದು ಇಂಥವರ ಹೆಜ್ಜೆಗಳಿಂದ. ಅವರು ಬಂದಾಗ ಬಾಗಿಲು ತೆರೆಯೋಣ. ಕುಡಿಯಲು ನೀರು ಕೊಡೋಣ. ಸಂಶಯವಿದ್ದರೆ ಸಂಕೋಚವಿಲ್ಲದೆ ಕೇಳಿ ತಿಳಿಯೋಣ. ನಮ್ಮ ಮನೆಯಲ್ಲಿ ಈ ವರ್ಷ ಬಾರದ ರೋಗಕ್ಕಾಗಿ ದೇವರಿಗೆ ವಂದಿಸುವಾಗ, ಅದು ಬಾರದಂತೆ ಕಾದವರನ್ನೂ ನಮ್ಮ ಪ್ರಾರ್ಥನೆಯಲ್ಲಿ ನೆನೆಯೋಣ.