ಶಾಲೆಯ ಮಧ್ಯಾಹ್ನದ ಅನ್ನ ಮತ್ತು ಕೆ. ಕಾಮರಾಜರು

ತಮಿಳುನಾಡಿನ ವಿರುದುನಗರದಲ್ಲಿ 1903ರ ಜುಲೈ 15ರಂದು ಜನಿಸಿದ ಕಾಮರಾಜರು ಆರು ವರ್ಷದವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಸಂಸಾರದ ಭಾರ ತಾಯಿ ಶಿವಕಾಮಿ ಅಮ್ಮಾಳರ ಹೆಗಲಿಗೆ ಬಿದ್ದಿತು. ಬಾಲಕನು ಓದನ್ನು ಅರ್ಧಕ್ಕೇ ಬಿಟ್ಟು ಸೋದರಮಾವನ ಬಟ್ಟೆಯಂಗಡಿಯನ್ನು ಸೇರಬೇಕಾಯಿತು. ಮುಂದೆ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಹಲವು ವರ್ಷ ಸೆರೆಮನೆವಾಸ ಅನುಭವಿಸಿ, ಮದುವೆಯನ್ನೂ ಆಗದೆ ಉಳಿದ ಈ ಜನನಾಯಕರು 1954ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾದರು.

ಮುಚ್ಚಿದ್ದ ಶಾಲೆಗಳು ಅವರ ಕಾಲದಲ್ಲಿ ಮತ್ತೆ ತೆರೆದವು. ಶಾಲೆಯಿಲ್ಲದ ಹಳ್ಳಿಗಳಲ್ಲಿ ಹೊಸ ಶಾಲೆಗಳು ಎದ್ದವು. ಆದರೂ ಬಡವರ ಮಕ್ಕಳು ಬರಲಿಲ್ಲ. ಪ್ರವಾಸದ ದಾರಿಯಲ್ಲಿ ದನ ಕಾಯುತ್ತಿದ್ದ ಹುಡುಗನೊಬ್ಬನನ್ನು ಶಾಲೆಗೇಕೆ ಹೋಗಲಿಲ್ಲವೆಂದು ಅವರು ವಿಚಾರಿಸಿದರಂತೆ. ಶಾಲೆಯಲ್ಲಿ ಊಟ ಹಾಕುವವರಾರೆಂದು ಅವನು ಮರುಪ್ರಶ್ನಿಸಿದನಂತೆ. ಇದು ತಮಿಳುನಾಡಿನಲ್ಲಿ ಮನೆಮಾತಾಗಿರುವ ಪ್ರಸಂಗ. ಹೊಟ್ಟೆಪಾಡಿಗಾಗಿ ಶಾಲೆ ಬಿಟ್ಟವರಿಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1956ರಲ್ಲಿ ಮಧ್ಯಾಹ್ನದ ಊಟದ ಯೋಜನೆ ಆರಂಭವಾಯಿತು. ಮದರಾಸು ನಗರಸಭೆಯು 1920ರಲ್ಲಿಯೇ ತನ್ನ ಶಾಲೆಯೊಂದರಲ್ಲಿ ಇಂಥ ಪ್ರಯತ್ನ ಮಾಡಿತ್ತು. ಅದು ಬಹುಕಾಲ ನಿಲ್ಲಲಿಲ್ಲ. ಕಾಮರಾಜರು ಮೊದಲು ಊರಿನವರ ಕೊಡುಗೆಯನ್ನು ನೆಚ್ಚಿದರು. ಜನ ದವಸ ಕೊಟ್ಟರು, ಹಣ ಕೊಟ್ಟರು. ಆದರೆ ದಾನಿಯ ಮನಸ್ಸು ಬದಲಾದರೆ ಮಗುವಿನ ಹಸಿವು ಕಾಯುವುದಿಲ್ಲವಷ್ಟೆ! ಸರ್ಕಾರದ ಬೊಕ್ಕಸವೇ ಆ ವೆಚ್ಚಕ್ಕೆ ಹೆಗಲು ಕೊಡುವಂತೆ ಮಾಡಿದುದು ಅವರ ನಿಜವಾದ ಸಾಧನೆಯೆಂದು ನಮ್ಮ ಭಾವನೆ. 1963ರಲ್ಲಿ ಪಕ್ಷದ ಕಾರ್ಯಕ್ಕಾಗಿ ತಾವಾಗಿ ಅಧಿಕಾರ ತ್ಯಜಿಸಿದರು. 1975ರ ಅಕ್ಟೋಬರ್ 2ರಂದು ನಿಧನರಾದರು. ಮರುವರ್ಷ ಭಾರತರತ್ನ ಸಂದಿತು.

ಅವರ ಕಾಲದ ಚಿಂತೆ ಹೊಟ್ಟೆ ತುಂಬಿಸುವುದಾಗಿತ್ತು. ಎಷ್ಟು ಬಡಿಸಬೇಕು, ಅದರಲ್ಲಿ ಏನಿರಬೇಕು ಎಂಬ ಪ್ರಶ್ನೆ ಬಲಗೊಂಡದ್ದು ಅನಂತರ. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ಯೋಜನೆಯನ್ನು ವಿಸ್ತರಿಸಿದಾಗ ಪೌಷ್ಟಿಕ ಎಂಬ ವಿಶೇಷಣ ಅದರ ಹೆಸರಿನಲ್ಲಿಯೇ ಸೇರಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿ ಮಗುವಿಗೆ ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು ಇರುವ ಬೇಯಿಸಿದ ಊಟವನ್ನು ಕೊಡಲು ರಾಜ್ಯಗಳಿಗೆ ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂಬ ಹೆಸರಿಟ್ಟದ್ದು ಶರಣರ ನಾಡಿಗೆ ಒಪ್ಪುವಂತಹುದೇ. 2013ರಲ್ಲಿ ಕ್ಷೀರಭಾಗ್ಯದ ಮೂಲಕ ಹಾಲೂ ಸೇರಿತು.

ಈಗಿನ ಅಳತೆಯಂತೆ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಹಿರಿಯ ಪ್ರಾಥಮಿಕ ತರಗತಿಯವರಿಗೆ ಇವು 150, 30, 75 ಗ್ರಾಂ. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಅನ್ನದ ರಾಶಿ ದೊಡ್ಡದಾಗಿ ಕಂಡರೂ ಸಾರು ತಿಳಿಯಾಗಿದ್ದರೆ ಬೆಳೆಯುವ ದೇಹಕ್ಕೆ ಬೇಕಾದ ಪ್ರೋಟೀನು ದೊರೆಯದು. ಖರ್ಚು ಬಿಗಿಯಾದಾಗ ಮೊದಲು ಕಡಮೆಯಾಗುವುದೂ ಬೇಳೆಯೇ. ಒಂದನೆಯ ತರಗತಿಯ ಮಗುವೂ ಏಳನೆಯ ತರಗತಿಯ ಹುಡುಗನೂ ಒಂದೇ ಸಾಲಿನಲ್ಲಿ ಕುಳಿತಾಗ, ಒಂದೇ ಸೌಟಿನಿಂದ ಈ ಎರಡು ಅಳತೆಗಳನ್ನು ಬಡಿಸುವುದು ಅಡುಗೆಯ ತಾಯಂದಿರ ಕೈಯಲ್ಲಿದೆ.